ಉದ್ಯಾನದ ನಕ್ಷೆಯಲ್ಲಿ ಇಲ್ಲದ ಕೋಣೆ

ನಮ್ಮ ಓಣಿಯ ಹಿಂದಿನ ಉದ್ಯಾನ ಹೆಸರಿಗಷ್ಟೇ ಉದ್ಯಾನವಾಗಿತ್ತು. ಯಾವಾಗಲೋ ಹಾಕಿದ ತಂತಿ ಬೇಲಿ, ಒಂದಷ್ಟು ಬೇವಿನ ಗಿಡ, ಸರಪಳಿ ಹರಿದ ಜೋಕಾಲಿ, ಉಳಿದದ್ದೆಲ್ಲ ಜಾಲಿಕಂಟಿ. ಓಣಿಯವರೇ ಸೇರಿ ಅದನ್ನು ಸ್ವಚ್ಛ ಮಾಡಲು ಕೈಹಚ್ಚಿದೆವು. ರವಿವಾರ ಮುಂಜಾನೆ ಗಂಡಸರು ಕೊಡಲಿ, ಸಲಿಕೆ ಹಿಡಿದು ಬರುತ್ತಿದ್ದರು. ನಾನು ಮತ್ತು ಇನ್ನೂ ಕೆಲವು ಹೆಣ್ಣುಮಕ್ಕಳು ಕಸ ಬಳಿದು ಗುಂಪಿ ಹಾಕುತ್ತಿದ್ದೆವು. ಇದನ್ನು ನೋಡಿ ಪುರಸಭೆಯವರೂ ಮುಂದೆ ಬಂದರು. ಒಂದು ಸಮಿತಿ ಆಯಿತು. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಯಜಮಾನರು ಅದರ ಮುಂದಾಳು. ಹೆಣ್ಣುಮಕ್ಕಳ ಕಡೆಯಿಂದ ಒಬ್ಬರಾದರೂ ಇರಲಿ ಎಂದು, ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾಗಿದ್ದ ನನ್ನನ್ನೂ ಸೇರಿಸಿಕೊಂಡರು. ನನಗೆ ಅದು ಹೆಮ್ಮೆಯೇ ಆಗಿತ್ತು.

ಇಂಜಿನಿಯರು ಟೇಪು ಹಿಡಿದು ಅಳತೆಗೆ ಬಂದ ದಿನ ಮುರಗೋಡದಿಂದ ನಮ್ಮ ಬೀಗತಿ ಬಂದಿದ್ದರು. ನನ್ನ ಸಣ್ಣ ಮಗಳ ಅತ್ತೆ. ಕಣ್ಣು ತೋರಿಸಲೆಂದು ಬಂದವರು ನಮ್ಮಲ್ಲೇ ಇಳಿದುಕೊಂಡಿದ್ದರು. ದೊಡ್ಡ ಒಕ್ಕಲುತನದ ಮನೆಯವರು, ಮಾತು ಕಡಿಮೆ. ಬೀಗರ ಮುಂದೆ ನಾವು ಸೀನುವುದಿದ್ದರೂ ಸೆರಗು ಅಡ್ಡ ಹಿಡಿಯುವವರು. ನಮ್ಮ ಕೆಲಸ ಅವರೂ ನೋಡಲಿ ಎಂದು ನಾನೇ ಅವರನ್ನು ಉದ್ಯಾನಕ್ಕೆ ಕರೆದುಕೊಂಡು ಹೋದೆ.

ಅಳತೆ ಮುಗಿಯಲೊಲ್ಲದು. ಬೆಳಿಗ್ಗೆ ಎರಡು ಸಲ ಚಹಾ ಕುಡಿದಿದ್ದೆ. ಎದ್ದು ಮನೆಗೆ ಹೋಗಬೇಕು ಅಂದುಕೊಂಡಾಗಲೆಲ್ಲ ಯಾರಾದರೂ ಒಂದು ಮಾತು ಕೇಳುತ್ತಿದ್ದರು. ಸಮಿತಿಯವಳಾಗಿ ನಡುವೆ ಎದ್ದು ಹೋಗುವುದು ಹೇಗೆ ಎಂದು ಸಿಮೆಂಟಿನ ಬೆಂಚಿನ ಮೇಲೆ ಬಿಗಿಹಿಡಿದು ಕುಳಿತೆ. ಆಗ ಸಮಿತಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರರೊಬ್ಬರು, ಇಲ್ಲಿ ಕಾರಂಜಿ ಕಟ್ಟಿದ ಮೇಲೆ ಮೊದಲು ಜಳಕ ಮಾಡುವುದು ನಮ್ಮ ಓಣಿಯ ಎಮ್ಮೆಗಳೇ ಎಂದು ಏನೋ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟಕ್ಕೇ ಹಿಡಿತ ತಪ್ಪಿತು. ತಡೆಯಲು ಆಗಲಿಲ್ಲ.

ಮೈಮೇಲೆ ತಿಳಿ ಬಣ್ಣದ ಸೀರೆ ಇತ್ತು.

"ವೈನಿ, ಬರ್ರಿ, ಗೇಟ ಎಲ್ಲಿ ಇಡೂದು ನೋಡೂಣು," ಎಂದು ಕಂಡಕ್ಟರರು ನನ್ನನ್ನು ಕರೆದರು.

"ಮೊಣಕಾಲ ಹಿಡದಾವ್ರಿ. ನೀವ ಮುಂದ ನಡೀರಿ," ಅಂದೆ.

ಅವರು ಹೋದರು. ಪಕ್ಕದಲ್ಲಿ ಬೀಗತಿ ಕುಳಿತೇ ಇದ್ದರು. ಬೆಂಚಿನ ಅಂಚಿನಿಂದ ಇಳಿದ ನೀರು ಮಣ್ಣಿನಲ್ಲಿ ಗೆರೆ ಎಳೆದು ಅವರ ಚಪ್ಪಲಿಯ ಹತ್ತಿರ ಹೋಗಿ ನಿಂತಿತ್ತು. ನಾನು ಆ ಚಪ್ಪಲಿಯನ್ನೇ ನೋಡುತ್ತಿದ್ದೆ, ಮುಖ ನೋಡುವ ಧೈರ್ಯವಿರಲಿಲ್ಲ. ಅವರು ಮುಂಜಾನೆಯ ಚಳಿಗೆಂದು ಹೊದ್ದು ಬಂದಿದ್ದ ಶಾಲು ತೆಗೆದು ನನ್ನ ತೊಡೆಯ ಮೇಲೆ ಇಟ್ಟರು.

"ಥಂಡಿ ಬಾಳ ಐತ್ರಿ ಅಕ್ಕಾರ. ನಡಕ್ಕ ಸುತ್ತಗೋರಿ."

ಆ ಹೊತ್ತಿಗೆ ಬಿಸಿಲು ಚುರುಗುಡುತ್ತಿತ್ತು. ಮನೆ ಮುಟ್ಟುವ ತನಕ ಅವರು ನನ್ನ ಹಿಂದೆಯೇ ನಡೆದರು. ಮರುದಿನ ಊರಿಗೆ ಹೋಗುವಾಗ ಶಾಲು ತೊಳೆದು ಮಡಚಿ ಕೊಟ್ಟೆ, ಇಸಿದುಕೊಂಡರು. ಆಮೇಲೆ ಮಗಳು ಫೋನು ಮಾಡಿದಾಗಲೆಲ್ಲ ಅವಳ ದನಿಯಲ್ಲಿ ಏನಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಅವಳಿಗೆ ಗೊತ್ತಾಗಿರಲಿಲ್ಲ. ಅತ್ತೆ ಹೇಳಿರಲೇ ಇಲ್ಲ.

ಮುಂದೆ ಪುರಸಭೆಯ ಸಭಾಗೃಹದಲ್ಲಿ ನಕ್ಷೆ ನೋಡಲು ಸೇರಿದೆವು. ಗೋಡೆಗೆ ಹಚ್ಚಿದ ಕಾಗದದಲ್ಲಿ ನಡೆದಾಡುವ ಹಾದಿ, ವ್ಯಾಯಾಮದ ಸಾಮಾನು, ಕಾರಂಜಿ, ದೊಡ್ಡ ಕಮಾನು ಎಲ್ಲ ಇದ್ದವು.

"ಹೆಣ್ಣಮಕ್ಕಳಿಗೆ ಶೌಚಾಲಯ ಎಲ್ಲೈತ್ರಿ?" ಎಂದು ಕೇಳಿದೆ.

"ಜಾಗಾ ಸಾಲೂದಿಲ್ರಿ," ಅಂದರು ಇಂಜಿನಿಯರು.

"ಮನಿ ಇಲ್ಲೇ ಅದಾವಲ್ರಿ ವೈನಿ, ಹೋಗಿ ಬಂದ್ರಾತು. ಪಾಯಖಾನಿ ಕಟ್ಟಿ ಆಮ್ಯಾಲೆ ಅದರ ನಾತಾ ಯಾರು ಕುಡೀಬೇಕು?" ಅಂದರು ಕಂಡಕ್ಟರರು. ಕೆಟ್ಟ ಮನುಷ್ಯರಲ್ಲ. ಎಲ್ಲರೂ ನಕ್ಕರು. ನನ್ನ ಯಜಮಾನರೂ ನಕ್ಕು, "ಇರ್ಲಿ ಬಿಡ, ಅದನ್ನ ಮುಂದ ನೋಡಿದ್ರಾತು," ಅಂದರು.

ಇಂಜಿನಿಯರರ ಬೆರಳು ಕಮಾನಿನ ಕಡೆ ಸರಿಯಿತು. ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯಲಿಲ್ಲ.

"ಅಳತಿ ಮಾಡಿದ ದಿನ ನಂಗ ತಡಕೊಳ್ಳಾಕ ಆಗ್ಲಿಲ್ಲ. ಬೆಂಚಿನ ಮ್ಯಾಲೆ ಕುಂತಲ್ಲೇ ಆತು. ಮೊಣಕಾಲ ಹಿಡದಾವಂತ ನಿಮಗ ಸುಳ್ಳ ಹೇಳಿದೆ."

ಒಬ್ಬರು ಕನ್ನಡಕ ಒರೆಸತೊಡಗಿದರು. ನನ್ನ ಯಜಮಾನರು ಮೇಜಿನ ಮೇಲಿನ ಬಿಸ್ಕೀಟಿನ ತಟ್ಟೆ ನೋಡುತ್ತ ಕುಳಿತರು. ಕಿವಿ ಕೆಂಪಾಗಿದ್ದವು. ಮುಖ್ಯಾಧಿಕಾರಿ ಮಾತ್ರ, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಇಂಜಿನಿಯರರ ಕಡೆ ತಿರುಗಿ, "ಕಾರಂಜಿ ತಗೀರಿ. ಆ ಜಾಗಾದಾಗ ಶೌಚಾಲಯ ಹಾಕ್ರಿ," ಅಂದರು.

ಗೆದ್ದೆ ಅಂತ ಅನಿಸಲಿಲ್ಲ. ಮಂದಿಯ ಮುಂದೆ ಸೀರೆ ಕಳಚಿ ನಿಂತ ಹಾಗೆ ಅನಿಸಿತು.

ಮನೆಯಲ್ಲಿ ಯಜಮಾನರು ಮಾತು ಬಿಟ್ಟರು. ಊಟಕ್ಕೆ ಬಡಿಸಿದರೆ ಉಣ್ಣುತ್ತಿದ್ದರು, ಅಷ್ಟೇ. ಕೆಲವು ದಿನ ಕಳೆದ ಮೇಲೆ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಕೇಳಿದರು.

"ಅಷ್ಟು ಮಂದಿ ಮುಂದ ಅದನ್ನ ಹೇಳೂದಿತ್ತೇನ?"

"ಹೇಳಬಾರದಿತ್ತು," ಅಂದೆ. ಸಿಟ್ಟಿನಿಂದ ಅಂದದ್ದಲ್ಲ, ನನಗೂ ಹಾಗೇ ಅನಿಸಿತ್ತು.

ಇನ್ನೊಂದು ತುತ್ತು ಮುರಿದು, "ಎಂದಿನಿಂದ ಹಿಂಗ?" ಅಂದರು.

"ಸಣ್ಣಾಕಿ ಹುಟ್ಟಿದಾಗಿಂದ."

ಅವರ ಕೈ ತಟ್ಟೆಯಲ್ಲೇ ನಿಂತಿತು. ಸಣ್ಣಾಕಿಗೆ ಈಗ ಎರಡು ಮಕ್ಕಳು.

"ಸವದತ್ತಿ ಗುಡ್ಡಕ್ಕ ಹೋಗುವಾಗ ಬಸ್ಸಿನಾಗ ನೀ ನೀರ ಮುಟ್ಟತಿರಲಿಲ್ಲ. ಅದಕ್ಕೇನ?"

"ಹೂಂ."

"ನಾ ಬೈತಿದ್ದೆ. ಏನ ಹಟಾ ಇಕಿದು ಅಂತ."

"ಹೂಂ."

ಅವರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಆ ವಾರವೇ ಬೈಲಹೊಂಗಲದಲ್ಲಿ ಹೆಣ್ಣು ಡಾಕ್ಟರನ್ನು ವಿಚಾರಿಸಿಕೊಂಡು ಬಂದು, ನನ್ನನ್ನು ಸ್ಕೂಟರಿನ ಮೇಲೆ ಕರೆದುಕೊಂಡು ಹೋದರು. ಒಳಗೆ ಬರಲು ನಾಚಿ ಹೊರಗೆ ಬೇವಿನ ನೆರಳಿಗೆ ನಿಂತರು. ಡಾಕ್ಟರು ದಿನಾ ಮಾಡುವ ವ್ಯಾಯಾಮ ಹೇಳಿಕೊಟ್ಟು, "ಬಾಳ ಮಂದಿಗೆ ಇರತೈತ್ರಿ, ಯಾರೂ ಬಾಯಿ ಬಿಡೂದಿಲ್ಲ," ಅಂದರು. ಇಷ್ಟು ವರ್ಷ ಒಬ್ಬಳೇ ಹೊತ್ತದ್ದು ಇದನ್ನೇ ಏನು ಎಂದು ಅಲ್ಲೇ ಅತ್ತುಬಿಟ್ಟೆ. ಅದಕ್ಕೂ ನಾಚಿಕೆಯಾಯಿತು.

ಶೌಚಾಲಯ ಕಟ್ಟಿದರು. ಸಣ್ಣದು, ಹಸಿರು ಬಾಗಿಲಿನದು. ಮೊದಲು ಸಂಜೆ ಹೊತ್ತು ಉದ್ಯಾನದ ಕಡೆ ಸುಳಿಯದ ವಯಸ್ಸಾದ ಹೆಣ್ಣುಮಕ್ಕಳು ಈಗ ಬಂದು ಕತ್ತಲಾಗುವ ತನಕ ಕೂಡುತ್ತಾರೆ. ಯಾರೂ ನನ್ನ ಹತ್ತಿರ ಆ ಮಾತು ತೆಗೆದವರಲ್ಲ. ಒಂದು ದಿನ ಮಾತ್ರ ಗಿರಣಿಯಲ್ಲಿ ಜೋಳ ಬೀಸಲು ನಿಂತಾಗ, ಮುಖಪರಿಚಯವಷ್ಟೇ ಇದ್ದ ಹೆಂಗಸೊಬ್ಬಳು ಗಿರಣಿಯ ಸಪ್ಪಳದಲ್ಲಿ ನನ್ನ ಕಿವಿಗೆ ಬಾಗಿ, "ನಂಗೂ ಹಂಗ ಆಗತೈತ್ರಿ ಅಕ್ಕಾರ," ಅಂದು ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು. ಅವಳನ್ನು ನಿಲ್ಲಿಸಿ ಡಾಕ್ಟರ ವಿಷಯ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಮುಂದಿನ ವಾರ ಅವಳ ಮನೆ ಕೇಳಿಕೊಂಡು ಹೋಗಿ ಹೇಳಿ ಬಂದೆ.

ಈಗಲೂ ನಾನು ಆ ಹಸಿರು ಬಾಗಿಲಿನ ಕಡೆ ಹೊರಟರೆ ಬೆಂಚಿನ ಮೇಲಿನ ಗಂಡಸರು ತಟ್ಟನೆ ಫೋನು ನೋಡತೊಡಗುತ್ತಾರೆ. ಮರ್ಯಾದೆ ಕೊಡಲೆಂದೇ ಹಾಗೆ ಮಾಡುತ್ತಾರೆ, ನನಗೆ ಗೊತ್ತು. ನನಗೆ ಮುಖ ಸುಡುವುದೂ ಅದರಿಂದಲೇ. ಹೋಗಿ ಬರುತ್ತೇನೆ, ನಳದಲ್ಲಿ ಕೈ ತೊಳೆಯುತ್ತೇನೆ, ಮತ್ತೆ ಅವರ ಮುಂದೆಯೇ ನಡೆಯುತ್ತೇನೆ. ಬೇರೆ ಹಾದಿ ಹಾಕಿಲ್ಲ.