ತಾರೆಯ ಬಿಳಿ ಚಡ್ಡಿ

ನಮ್ಮ ಬೀದಿಯ ಲಾಂಡ್ರಿ ಮಾಮ ಹದಿನೆಂಟು ವರ್ಷದಿಂದ ಊರಿನ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುತ್ತಿದ್ದಾರೆ. ಯಾವ ಆಟಗಾರ ಮೈಮುರಿದು ಆಡಿದ, ಯಾವನು ಮೈಗಳ್ಳ ಎಂಬುದಕ್ಕೆ ಅವರ ತೀರ್ಪೇ ಕೊನೆ. "ಬಾಯಿ ಸುಳ್ಳು ಹೇಳುತ್ತೆ, ಚಡ್ಡಿ ಹೇಳಲ್ಲ" ಎನ್ನುವುದು ಅವರ ಸಿದ್ಧಾಂತ.

ಕಳೆದ ತಿಂಗಳು ತಂಡ ಸೋತ ಮರುದಿನ, ಪಕ್ಕದಲ್ಲೇ ಕಟಿಂಗ್ ಶಾಪ್ ನಡೆಸುವ ಅವರ ಭಾವಮೈದುನ ಕತ್ತರಿ ಹಿಡಿದೇ ಬಂದ. ಅವನ ಹಿಂದೆ ಅರ್ಧ ಕಟಿಂಗ್ ಆಗಿದ್ದ ಗಿರಾಕಿಯೂ ಬಂದ.

"ಭಾವ, ನಿಮ್ಮ ಹತ್ತನೇ ನಂಬರಿನ ಮಹಾರಾಯ ನಿನ್ನೆ ಬಂದಿದ್ದು ಆಡೋಕೋ, ಗಾಳಿ ತಗೊಳ್ಳೋಕೋ? ತೋರ್ಸಿ ಅವನ ಚಡ್ಡಿ!"

ಹತ್ತನೇ ನಂಬರಿನವನು ತಂಡದ ತಾರೆ; ಅವನೆಂದರೆ ಮಾಮನಿಗೆ ಪ್ರಾಣ. "ಇರು, ತರ್ತೀನಿ" ಎಂದು ಒಳಗೆ ಹೋಗಿ ಮೂಟೆ ಬಿಚ್ಚಿದರು. ಉಳಿದವರ ಚಡ್ಡಿಗಳೆಲ್ಲ ಕೆಸರಿನ ಮುದ್ದೆ. ತಾರೆಯದು ಮಾತ್ರ ಹಾಲಿನಂತೆ ಬೆಳ್ಳಗಿತ್ತು. ಮಾಮ ಅತ್ತಿತ್ತ ನೋಡಿ, ಹೂಕುಂಡದ ಕೆಂಪು ಮಣ್ಣಿಗೆ ನೀರು ಬೆರೆಸಿ ಆ ಚಡ್ಡಿಗೆ ತಿಕ್ಕಿದರು. ಜೀವಮಾನದಲ್ಲಿ ಬಟ್ಟೆ ಕೊಳೆ ಮಾಡಿದ್ದು ಅದೇ ಮೊದಲು.

ಚಡ್ಡಿ ನೋಡಿದ ಭಾವಮೈದುನ ಗಿರಾಕಿಯನ್ನು ಕರೆದುಕೊಂಡು ಅಂಗಡಿಗೆ ವಾಪಸಾದ. ಅವನು ಹೋದ ಮೇಲೆ ಮಾಮನ ಹೆಂಡತಿ, "ಮೆತ್ತಿದ ಕೈಯೇ ಒಗೀಲಿ" ಎಂದು ಸೋಪು ಮುಂದಿಟ್ಟರು. ಮಾಮ ಮಧ್ಯಾಹ್ನದವರೆಗೆ ಉಜ್ಜಿದರೂ ಕಲೆ ಜಪ್ಪಯ್ಯ ಅನ್ನಲಿಲ್ಲ.

ಮುಂದಿನ ಪಂದ್ಯಕ್ಕೆ ತಾರೆ ಆ ಕಲೆಯೊಂದಿಗೇ ಮೈದಾನಕ್ಕಿಳಿದ. ಭಾವಮೈದುನ ಮಾಮನ ಕಿವಿಯ ಹತ್ತಿರ ಬಂದ.

"ಅವನ ನಿಷ್ಠೆ ಒಪ್ಕೊಂಡೆ ಭಾವ. ಈಗ ಅನುಮಾನ ಇರೋದು ನಿಮ್ಮ ಒಗೆತದ ಮೇಲೆ."