ಕಲ್ಲಿಗೆ ಅಡ್ಡ ನಿಂತವಳು

ಕಲ್ಲಿನ ಬೆನ್ನಿಗೆ, ಕೂತವರ ತಲೆ ಒರಗುವ ಎತ್ತರದಲ್ಲಿ, ಅಂಗೈಯಗಲದ ಎಣ್ಣೆಯ ಕಲೆ. ಕಳೆದ ಭಾನುವಾರ ಊರಿಗೆ ಹೋದಾಗ ನೋಡಿದೆ. ಅಪ್ಪನ ಅಕ್ಕ, ನಮ್ಮತ್ತೆ, ಈಗಲೂ ಸಂಜೆ ಅಲ್ಲೇ ಒರಗಿ ಕೂರುತ್ತಾಳೆ.

ಸ್ವಾತಂತ್ರ್ಯಕ್ಕೆ ಮುಂಚೆ ದೊಡ್ಡ ನಾಯಕರೊಬ್ಬರು ಕಾರಿನಲ್ಲಿ ಹೋದ ದಾರಿಯುದ್ದಕ್ಕೂ ನಿಲ್ಲಿಸಿದ ಕಲ್ಲುಗಳಲ್ಲಿ ಇದೂ ಒಂದು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವಾಗ ನೀವೂ ನೋಡಿರುತ್ತೀರಿ, ಓದಿರಲಿಕ್ಕಿಲ್ಲ.

ನಾನು ಚಾಮರಾಜನಗರದಲ್ಲಿ ಡಿಗ್ರಿ ಓದುತ್ತಿದ್ದಾಗ ಊರ ಗೇಟಿನ ಸ್ಟಾಪು ನಮ್ಮ ಮನೆಯಿಂದ ಒಂದೂವರೆ ಮೈಲಿ. ಅಪ್ಪ ಡೈರಿಗೆ ಹಾಲು ಹಾಕಿ ಬೈಕಿನಲ್ಲಿ ಬಿಡುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಿಂದ ಕಾಗದ ಬಂತು. "ಇನ್ನೊಂದ್ಸಲ ಕಾಗ್ದ ಬಂದ್ರೆ ಕಾಲೇಜ್ ಬುಟ್ಬುಡು," ಎಂದ ಅಪ್ಪ.

ಮರುದಿನ ಅತ್ತೆ ನನ್ನನ್ನು ಮನೆಯೆದುರಿನ ಈ ಕಲ್ಲಿನ ಹತ್ತಿರ ನಿಲ್ಲಿಸಿ, ತಾನು ರಸ್ತೆಗೇ ಇಳಿದು ಬಸ್ಸಿಗೆ ಕೈ ಅಡ್ಡ ಹಿಡಿದಳು.

"ಇದು ಸ್ಟಾಪಲ್ಲ ಕಣವ್ವ, ಗೇಟ್ ತಾವು ಓಗು," ಎಂದ ಕಂಡಕ್ಟರ್.

"ಓದಪ್ಪ ಈ ಕಲ್ಲ. ಅಂತ ದೊಡ್ಡೋರ ಕಾರೇ ಇಲ್ಲಿ ನಿಂತಿತ್ತು. ನಿನ್ ಬಸ್ಸೇನು ಅದ್ಕಿಂತ ದೊಡ್ದಾ?"

"ಅವ್ರು ಟಿಕೇಟ್ ತಕಂಡಿದ್ರಾ?"

"ಇವಳ ತಾವು ಪಾಸದೆ. ಅತ್ತುಸ್ಕೊ!"

ಬಸ್ಸಿನವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ಹತ್ತಿದೆ. ನಾಚಿಕೆಗಿಂತ ಹೆಚ್ಚಿನದು ಭಯ. ಯಾಕೆಂದರೆ ಕಲ್ಲಿನಲ್ಲಿ ಇರುವುದು 'ಈ ಮಾರ್ಗವಾಗಿ ಸಾಗಿದರು' ಎಂದಷ್ಟೇ. ಅಲ್ಲಿ ಯಾರೂ ನಿಂತಿರಲಿಲ್ಲ. ಅತ್ತೆಗೆ ಓದಲು ಬಾರದು. ಕಂಡಕ್ಟರ್ ಅದನ್ನು ಓದಿದರೆ ಅಂದಿಗೇ ನನ್ನ ಕಾಲೇಜು ಮುಗಿದಂತೆ. ಇತಿಹಾಸ ಓದಲು ಹೊರಟವಳು ಹೀಗೆ ಸುಳ್ಳು ಸಾಕ್ಷ್ಯದ ಮೇಲೆ ಬಸ್ಸು ಹತ್ತಿದೆ. ಡಿಗ್ರಿ ಮುಗಿಯುವವರೆಗೂ ದಿನಾ ಬೆಳಗ್ಗೆ ಬ್ಯಾಗು ಎದೆಗವಚಿಕೊಂಡು, ಅಕ್ಷರಗಳಿಗೆ ಸರಿಯಾಗಿ ಅಡ್ಡ ನಿಲ್ಲುತ್ತಿದ್ದೆ. ಬಸ್ಸು ಒಂದು ದಿನವೂ ನಿಲ್ಲದೆ ಹೋಗಲಿಲ್ಲ.

ಭಾನುವಾರ ಅತ್ತೆಗೆ ಇದನ್ನೆಲ್ಲ ಹೇಳಿಬಿಟ್ಟೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯೋ, ಅವತ್ತೇ ಮದ್ಯಾನ ವಾಪಸ್ ಬರಾಗ ಆ ಕಂಡಕ್ಟ್ರು ಇಳ್ದು ಕಲ್ಲ ಓದ್ಬುಟ್ಟ. 'ಯಾರೂ ನಿಂತಿರ್ನಿಲ್ಲ ಕಣವ್ವ ಇಲ್ಲಿ' ಅಂದ. ಆಮೇಕೆ ಅವ್ನೇ, 'ಓಗ್ಲಿ, ನಾನ್ ನಿಲ್ಲುಸ್ತೀನಿ ಬುಡು' ಅಂದ."

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕಲ್ಲ ಮುಚ್ಕಂಡು ನಿಂತ್ಕಳದ ನೋಡಿ ನಾನೂ ಅವ್ನೂ ದಿನಾ ನಗ್ತಿದ್ದೋ ಕಣಮ್ಮಿ!"

ಆ ಕಂಡಕ್ಟರ್ ಈಗ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಅದೇ ಊರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು ದಿನಾ ಅವರ ಕಿಟಕಿಯ ಮುಂದೆ ಹಾದುಹೋಗುತ್ತೇನೆ. ಗುರುತು ಹಿಡಿದಿದ್ದೆ; ಮಾತಾಡಿಸಿರಲಿಲ್ಲ.

ಸೋಮವಾರ ಬೆಳಗ್ಗೆ ಆ ಕಿಟಕಿಗೆ ಹೋಗಿ ನಿಂತೆ.

"ಯಾವ ಬಸ್ಸಮ್ಮ?" ಎಂದರು, ತಲೆಯೆತ್ತದೆ.

"ಬಸ್ಸಿಗಲ್ಲ ಸಾರ್," ಎಂದೆ. ಹೇಳಬೇಕಾದ್ದಕ್ಕೆ ಮೂರು ವಾಕ್ಯ ಸಾಕು ಎಂದುಕೊಂಡಿದ್ದೆ. ಮೊದಲ ಪೀರಿಯಡ್ಡಿಗೆ ಕಾಲು ಗಂಟೆ ತಡವಾಗಿ ಹೋದೆ.