ಆಟೋಗೆ ಹಾಕಿದ ಮೋಟರುಗಳು

ಮಾರ್ಕೋನಹಳ್ಳಿ ಕಡೆಯ ತೋಟದ ಮನೆಯಲ್ಲಿ ನನ್ನ ಅಕ್ಕ ಮಲಗುತ್ತಿದ್ದ ಮಂಚದ ಮೇಲುಗಡೆ ಹಳೇ ಕಾಲದ ಬಲ್ಬೊಂದು ನೇತಾಡುತ್ತಿತ್ತು. ತೆಗೆದು ಎಲ್‌ಇಡಿ ಹಾಕಿಸುತ್ತೇನೆ ಅಂದರೆ ಅಕ್ಕ ಒಪ್ಪುತ್ತಿರಲಿಲ್ಲ. ಕರೆಂಟು ಎಷ್ಟು ಸೊರಗಿದರೂ ಎಲ್‌ಇಡಿ ಏನೂ ಆಗಿಲ್ಲವೆಂಬಂತೆ ಉರಿಯುತ್ತದೆ. ಹಳೇ ಬಲ್ಬು ಹಾಗಲ್ಲ, ವೋಲ್ಟೇಜು ಇಳಿದ ತಕ್ಷಣ ಕೆಂಪಗಾಗುತ್ತದೆ. ಅದು ಕೆಂಪಗಾದರೆ ಅಕ್ಕ ಬಾವನಿಗೆ ಕೈಸನ್ನೆ ಮಾಡುವಳು. ಬಾವ ಕೈಲಿದ್ದ ಕೆಲಸ ಬಿಟ್ಟು ಬಂದು ಅವಳ ಮೂಗಿನ ಕೊಳವೆಯನ್ನು ಆಕ್ಸಿಜನ್ ಮಿಷನ್ನಿಂದ ಕಿತ್ತು ಸಿಲಿಂಡರಿಗೆ ಸಿಕ್ಕಿಸುವರು.

ಅಕ್ಕನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿತ್ತು. ಹಗಲೂ ರಾತ್ರಿ ಆಕ್ಸಿಜನ್ ಮಿಷನ್ ಬೇಕೇ ಬೇಕು ಅಂದಿದ್ದರು ಡಾಕ್ಟರು. ಆ ಮಿಷನ್ನೋ ಮಹಾ ಸೂಕ್ಷ್ಮ. ವೋಲ್ಟೇಜು ಇಳಿದರೆ ಕುಂಯ್ ಅಂತ ಕೂಗಿ ನಿಂತುಬಿಡುತ್ತಿತ್ತು. ಶಿರಾ ಗೇಟಿನ ಅಂಗಡಿಯಿಂದ ನಾನೇ ಸ್ಟೆಬಿಲೈಸರ್ ತಂದುಕೊಟ್ಟೆ. ಅದು ಟಕ್ ಟಕ್ ಅಂತ ಬಡಿದುಕೊಂಡಿತೇ ಹೊರತು, ಇಲ್ಲದ ವೋಲ್ಟೇಜನ್ನು ಎಲ್ಲಿಂದ ತಂದೀತು?

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ತುಮಕೂರಿನ ಸದಾಶಿವನಗರದಲ್ಲಿ ನನ್ನ ಮನೆ. ಅಕ್ಕನನ್ನು ಅಲ್ಲಿಗೆ ಕರಕೊಂಡು ಬಂದು ಕೆಲವು ದಿನ ಇಟ್ಟುಕೊಂಡೆ. ಅವಳಿಗೆ ಮೂಗಿನ ತುದಿಯಲ್ಲೇ ಸಿಡುಕು.

"ನಿಮ್ಮನೆ ಕರೆಂಟ್ ಚೆನ್ನಾಗೈತೆ ಕಣೇ, ಗಾಳಿ ಚೆನ್ನಾಗಿಲ್ಲ. ನನ್ನ ಊರಿಗೆ ಬಿಟ್ಬುಡು," ಅಂದಳು. ನಾನು ಜಗಳ ಆಡಿದೆ. ಅವಳೇ ಗೆದ್ದಳು.

ಊರಲ್ಲಿ ವೋಲ್ಟೇಜು ಯಾಕೆ ಇಳಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿಗೆ, ಊರವರ ಬಾಯಲ್ಲಿ ಟಿಸಿ, ಸುತ್ತಲ ತೋಟಗಳ ಹತ್ತು ಹನ್ನೆರಡು ಮೋಟರುಗಳು ಜೋತುಬಿದ್ದಿದ್ದವು. ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ, ಅದಕ್ಕಾಗಿ ಪಂಪ್‌ಹೌಸಿನ ಮುಂದೆ ಕಾಯುವವರು ಯಾರು? ಎಲ್ಲರೂ ಸ್ಟಾರ್ಟರಿಗೆ ಆಟೋ ಹಾಕಿಸಿದ್ದರು. ಗುಂಡಿಯನ್ನು ಆಟೋ ಕಡೆ ತಿರುಗಿಸಿ ಮನೆಗೆ ಹೋಗಿ ಉಂಡು ಮಲಗಿದರೂ ಸರಿ, ಕರೆಂಟು ಬಂದ ಕೂಡಲೇ ಮೋಟರು ತಾನಾಗೇ ಎದ್ದುಕೊಳ್ಳುತ್ತಿತ್ತು. ಎಲ್ಲಾ ಮೋಟರೂ ಒಟ್ಟಿಗೇ ಎದ್ದಾಗ ಅಕ್ಕನ ಬಲ್ಬು ಕೆಂಡದ ಹಾಗೆ ಆಗುತ್ತಿತ್ತು.

ಬಾವ ಒಂದು ಭಾನುವಾರ ಎಲ್ಲರನ್ನೂ ಅಂಗಳಕ್ಕೆ ಕರೆದರು. ಕಾಫಿ ಕೊಟ್ಟ ನೆನಪು ನನಗೆ. ಅವರು ಹೆಚ್ಚು ಮಾತಾಡಲಿಲ್ಲ, ಬಾಗಿಲು ಪೂರ್ತಿ ತೆರೆದು ಒಳಗೆ ಮಲಗಿದ್ದ ಅಕ್ಕನನ್ನು ತೋರಿಸಿದರು. ಬಂದವರಲ್ಲಿ ಹಿರಿಯರೊಬ್ಬರು, ಪಕ್ಕದ ತೋಟದವರು, ಟವೆಲಿನಿಂದ ಮುಖ ಒರೆಸಿಕೊಂಡು, "ನಾವೇನ್ ಮನುಷ್ಯರಲ್ವೇನಪ್ಪಾ. ಗುಂಡಿ ಆಟೋದಿಂದ ತೆಗೆದಾಕ್ತೀವಿ. ಸರದಿ ಮೇಲೆ ಕೈಯಾರೆ ಹಾಕ್ಕೊತೀವಿ ಬುಡು," ಅಂದರು.

ಮಾತಿಗೆ ತಪ್ಪಲಿಲ್ಲ. ಒಂದು ಸಲಕ್ಕೆ ಇಬ್ಬರು, ಅವರದು ಮುಗಿದ ಮೇಲೆ ಇನ್ನಿಬ್ಬರು. ಬಲ್ಬು ಬೆಳ್ಳಗೆ ಉರಿಯಿತು. ಆ ಬೇಸಿಗೆಯಲ್ಲಿ ಅಕ್ಕ ಕೂತುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುವಷ್ಟು ಚೇತರಿಸಿಕೊಂಡಳು. ನನ್ನ ಸೀರೆ ಚೆನ್ನಾಗಿಲ್ಲ ಅಂತ ಬೈಯುವಷ್ಟೂ. ನನಗೆ ಆ ಜನರ ಮೇಲೆ ಇದ್ದ ಗೌರವವನ್ನು ಇವತ್ತಿಗೂ ಬಿಟ್ಟುಕೊಡಲಾರೆ.

ಮುಂಗಾರಿಗೆ ಮುಂಚಿನ ಮಳೆ ಬಂತು. ಮಳೆಗಿಂತ ಗಾಳಿಯೇ ಜಾಸ್ತಿ. ತೆಂಗಿನ ಮರವೊಂದು ಲೈನಿನ ಮೇಲೆ ಬಿದ್ದು ಕಂಬವೇ ಮುರಿಯಿತು. ಮಾರನೇ ದಿನವೂ ಕರೆಂಟಿಲ್ಲ. ಕರೆಂಟು ಹೋದಾಗಲೆಂದು ಬಾವ ಈಚೆಗೆ ತಂದಿಟ್ಟಿದ್ದ ಸಣ್ಣ ಯುಪಿಎಸ್ಸು ಮೊದಲ ಸಂಜೆಯೇ ಕೈಕೊಟ್ಟಿತ್ತು. ಸಿಲಿಂಡರು ತಳ ಕಾಣುತ್ತಿದೆ ಅಂತ ಬಾವ ಫೋನ್ ಮಾಡಿದರು. ಆಂಬುಲೆನ್ಸು ಕರೆಸಿ ಅಂದೆ. ದಾರಿಯ ಮೇಲೆ ಬಿದ್ದ ಮರ ಇನ್ನೂ ತೆಗೆದಿಲ್ಲವಂತೆ. ನಾನು ಸ್ಕೂಲಿಗೆ ರಜೆ ಹಾಕಿ, ತುಂಬಿದ ಸಿಲಿಂಡರೊಂದನ್ನು ಬಾಡಿಗೆ ಕಾರಿನಲ್ಲಿ ಇಟ್ಟುಕೊಂಡು ಹೊರಟೆ.

ಕುಣಿಗಲ್ ದಾಟುವಾಗ ಮತ್ತೆ ಫೋನು.

"ಕರೆಂಟ್ ಬಂತು ಕಣಮ್ಮ. ಮಿಷನ್ ಓಡ್ತೈತೆ. ನೀನು ನಿಧಾನ್ವಾಗಿ ಬಾ."

ಬಾವನ ದನಿಯಲ್ಲಿ ನಗು ಇತ್ತು. ನಾನು ಕಾರಿನಲ್ಲಿ ಕೂತೇ ಅತ್ತೆ, ಸಮಾಧಾನಕ್ಕೆ. ಬಿದ್ದ ಮರದ ಹತ್ತಿರ ಕಾರು ನಿಲ್ಲಿಸಿ, ಡ್ರೈವರೂ ನಾನೂ ಸಿಲಿಂಡರು ಹೊತ್ತುಕೊಂಡು ಮನೆ ಮುಟ್ಟುವ ಹೊತ್ತಿಗೆ ಮನೆ ಮತ್ತೆ ಕತ್ತಲು. ಒಳಗಿಂದ ಹೆಂಗಸರ ಅಳು ಕೇಳಿಸುತ್ತಿತ್ತು. ಕರೆಂಟು ಬಂದು ಸ್ವಲ್ಪ ಹೊತ್ತಿಗೆಲ್ಲಾ ಬಲ್ಬು ಕೆಂಪಗಾಯಿತಂತೆ, ಮಿಷನ್ ಕೂಗಿ ನಿಂತಿತಂತೆ, ಟಿಸಿಯ ಫ್ಯೂಸು ಹಾರಿಹೋಯಿತಂತೆ. ಸಿಲಿಂಡರಿನಲ್ಲಿ ಉಳಿದಿದ್ದಷ್ಟು ಸಾಲಲಿಲ್ಲ.

"ಗಾಳಿ ಮಳೆ, ಲೈನೇ ಕೆಟ್ಟೋಗಿತ್ತು. ಯಾರೇನ್ ಮಾಡೋಕಾಯ್ತದೆ," ಅಂದರು ಪಕ್ಕದ ತೋಟದ ಹಿರಿಯರು. ನಾನೂ ಹಾಗೇ ನಂಬಿದೆ. ಯಾರನ್ನಾದರೂ ಬೈಯಬೇಕು ಅನ್ನಿಸಿತ್ತು, ಮಳೆಯನ್ನು ಎಷ್ಟು ಬೈಯಲಿ.

ಬೆಳಿಗ್ಗೆ ಅಕ್ಕನನ್ನು ಜಗಲಿಯ ಮೇಲೆ ಮಲಗಿಸಿದ್ದೆವು. ಸ್ನಾನ ಮಾಡಿಸಲು ಮನೆಯಲ್ಲಿ ನೀರಿರಲಿಲ್ಲ, ಕರೆಂಟಿಲ್ಲದೆ ತೊಟ್ಟಿ ಒಣಗಿತ್ತು. ಲೈನ್‌ಮ್ಯಾನು ಸಾವಿನ ಮನೆ ಅಂತ ಬೇಗನೇ ಬಂದು ಕಂಬ ಹತ್ತಿ ಫ್ಯೂಸು ಹಾಕಿದ. ಆ ಟಿಸಿಗೆ ಸೇರಿದ ತೋಟದವರೆಲ್ಲಾ ನಮ್ಮ ಅಂಗಳದಲ್ಲೇ ಕೂತಿದ್ದರು.

ಒಳಗೆ ಬಲ್ಬು ಹತ್ತಿಕೊಂಡಿತು. ಸ್ವಿಚ್ ಆರಿಸಲು ಯಾರಿಗೂ ನೆನಪಾಗಿರಲಿಲ್ಲ, ಆಕ್ಸಿಜನ್ ಮಿಷನ್ ಬುಸ್ ಬುಸ್ ಅಂತ ಶುರುವಾಯಿತು. ಆಮೇಲೆ ಮನೆಯ ಹಿಂದಿನ ಪಂಪ್‌ಹೌಸಿನಲ್ಲಿ ಟಕ್ ಅಂತ ಸದ್ದು. ತೊಟ್ಟಿಗೆ ನೀರು ಧುಮುಕಿತು. ಯಾರೂ ಹೋಗಿ ಹಾಕಿರಲಿಲ್ಲ. ಪಕ್ಕದ ತೋಟದಲ್ಲಿ ಇನ್ನೊಂದು ಎದ್ದಿತು. ಅದರಾಚೆ ಇನ್ನೊಂದು. ಬಾಗಿಲಿನಿಂದ ಕಾಣುತ್ತಿದ್ದ ಬಲ್ಬು ನೋಡನೋಡುತ್ತಾ ಕೆಂಪಗಾಯಿತು. ಮಿಷನ್ ಕುಂಯ್ ಅಂತ ಕೂಗಿ ನಿಂತಿತು.

ಅಂಗಳದಲ್ಲಿದ್ದವರ ತಲೆಗಳು ತೋಟಗಳ ಕಡೆ ತಿರುಗಿದವು. ಲೈನು ಹೋದಾಗ ಬರುವ ಕರೆಂಟು ತಪ್ಪಿಹೋದೀತು ಅಂತ ಗುಂಡಿಯನ್ನು ಆಟೋಗೆ ತಿರುಗಿಸಿ ಬರುವುದು ಅವರ ಕೈಗಳಿಗೆ ಎಷ್ಟೋ ವರ್ಷದ ಅಭ್ಯಾಸ, ಚಪ್ಪಲಿ ಬಿಟ್ಟು ಮನೆಯೊಳಗೆ ಹೋದ ಹಾಗೆ. ಈ ಸಲ ಮರ ಬಿದ್ದಾಗಲೂ ಹಾಗೇ ತಿರುಗಿಸಿದ್ದು ಯಾರಿಗೂ ನೆನಪೇ ಇರಲಿಲ್ಲ. ಈಗ ಒಬ್ಬೊಬ್ಬರಿಗೂ ತಂತಮ್ಮ ಮೋಟರಿನ ಸದ್ದು ಕೇಳಿಸುತ್ತಿತ್ತು. ಪಕ್ಕದ ತೋಟದ ಹಿರಿಯರು ಮೊದಲು ಎದ್ದರು. ನನ್ನ ಮುಖ ನೋಡದೆ ತೋಟದ ಕಡೆ ನಡೆದರು. ಅವರ ಹಿಂದೆ ಉಳಿದವರೂ ಹೋದರು. ದೂರದಲ್ಲಿ ಮೋಟರುಗಳು ಒಂದೊಂದಾಗಿ ನಿಂತವು. ಬಲ್ಬು ಮತ್ತೆ ಬೆಳ್ಳಗಾಯಿತು.

ಬಾವ ಮಾತ್ರ ಎದ್ದಿರಲಿಲ್ಲ. ಅಕ್ಕನ ಕಾಲಿನ ಹತ್ತಿರ ಕೂತು, "ಮೊದ್ಲು ಎದ್ದಿದ್ದು ನಮ್ದೇ ಕಣಮ್ಮ," ಅಂದರು. ನನಗೆ ಸಿಟ್ಟಿತ್ತು, ಅವರ ಮೇಲೂ.

ಹಿಂದುಗಡೆ ಬಾವನ ಮೋಟರು ಓಡುತ್ತಲೇ ಇತ್ತು. ತೊಟ್ಟಿ ತುಂಬುತ್ತಾ ಬಂತು. ಹೆಂಗಸರು ಬಿಂದಿಗೆ ಹಿಡಿದು ಕಾಯುತ್ತಿದ್ದರು. ಅಕ್ಕನಿಗೆ ಸ್ನಾನ ಮಾಡಿಸಿದ್ದು ಆ ನೀರಿನಲ್ಲೇ.